ತಂಗಿಗೆ ಕಟ್ಟಿದ ಚೌರಿ

ನೇತ್ರಾವತಿ ಕೂದಲೆಳೆಯೊಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹೊಸೆದಳು. ಎಳೆ ತಾನಾಗಿಯೇ ಎಡಕ್ಕೆ ಸರಿಯಿತು. ಎಡಕ್ಕೆ ಸರಿದರೆ ಬೇರು ಎಡಕ್ಕಿದೆ ಎಂದು ಅರ್ಥ. ಅದನ್ನು ಹಾಗೇ ಬಿಳಿ ಬಟ್ಟೆಯ ಮೇಲೆ ಮಲಗಿಸಿ ಇನ್ನೊಂದನ್ನು ಎತ್ತಿಕೊಂಡಳು. ಅದು ಬಲಕ್ಕೆ ಸರಿಯಿತು, ತಿರುಗಿಸಿ ಮಲಗಿಸಿದಳು. ಗಿಣಿಗೇರಾದ ಕಾರ್ಖಾನೆಗಳ ಕರಿಬೂದಿ ಕಿಟಕಿಯಿಂದ ಬಂದು ಬಟ್ಟೆಯ ಮೇಲೆ ಕೂರುತ್ತಿತ್ತು. ಊದಿ ತೆಗೆಯಬೇಕು, ಜೋರಾಗಿ ಊದಿದರೆ ಕೂದಲೂ ಹಾರುತ್ತದೆ. ಪಡಸಾಲೆಯ ಆ ತುದಿಯಲ್ಲಿ ತಂಗಿ ಹುಲಿಗೆಮ್ಮ ಕೂತು ತನ್ನ ಕರಿ ಬೂಟುಗಳನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದಳು. ರಜೆಗೆ ಬಂದ ಮೇಲೆ ಆ ಬೂಟನ್ನು ಒಂದು ದಿನವೂ ಮೆಟ್ಟಿರಲಿಲ್ಲ, ಆದರೂ ದಿನಾ ಬೆಳಿಗ್ಗೆ ಉಜ್ಜುತ್ತಿದ್ದಳು. ಬ್ರಶ್ಶಿನ ಸಪ್ಪಳ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಹುಲಿಗಿಯ ಬೆನ್ನು ಗೋಡೆಗೆ ತಾಗದೆ ನೆಟ್ಟಗಿತ್ತು. ಯಾರೂ ನೋಡದಿದ್ದಾಗಲೂ ಇವಳು ಹೀಗೆಯೇ ಕೂರುತ್ತಾಳೋ, ತಾನು ನೋಡುತ್ತಿದ್ದೇನೆಂದು ಗೊತ್ತಿದ್ದೇ ಕೂರುತ್ತಾಳೋ ಎಂದು ನೇತ್ರಾವತಿ ಯೋಚಿಸಿದಳು. ಯೋಚಿಸುತ್ತಲೇ ತನ್ನ ಗೂನಾದ ಬೆನ್ನು ನೆನಪಾಗಿ ಸ್ವಲ್ಪ ನಿಗುರಿದಳು. ನಿಗುರಿದರೆ ಕೂದಲು ಸರಿಯಾಗಿ ಕಾಣುವುದಿಲ್ಲ. ಮತ್ತೆ ಬಾಗಿದಳು.

ಈ ಮನೆಯಲ್ಲಿ ಕೂದಲಿನ ಕೆಲಸ ಹೊಸದಲ್ಲ. ಭಾಗ್ಯನಗರದ ಗೋದಾಮಿನಿಂದ ನೂರಸಾಬ ಚೀಲಗಟ್ಟಲೆ ಉಂಡೆಗೂದಲು ತಂದು ಹಾಕಿ ಹೋಗುತ್ತಾನೆ. ಎಲ್ಲಿಯವೋ ಯಾರವೋ ತಲೆಗಳ ಉದುರುಗೂದಲು. ದಬ್ಬಣದಿಂದ ಸಿಕ್ಕು ಬಿಡಿಸಿ, ಮೊಳೆಹಣಿಗೆಯಲ್ಲಿ ಎಳೆದು, ಉದ್ದಕ್ಕೆ ತಕ್ಕಂತೆ ಕಟ್ಟಿ ಕೊಡಬೇಕು. ಅಕ್ಕತಂಗಿಯರಿಬ್ಬರೂ ಚಿಕ್ಕಂದಿನಿಂದ ಮಾಡಿದ ಕೆಲಸ ಅದು. ಆಮೇಲೆ ಇಬ್ಬರಲ್ಲಿ ಒಬ್ಬಳು ಮನೆಯಲ್ಲಿರಬೇಕು ಎಂದಾದಾಗ ಎಂಟನೇ ಇಯತ್ತೆಯಲ್ಲಿದ್ದ ನೇತ್ರಾವತಿ ಸಾಲಿ ಬಿಟ್ಟಳು. ಯಾರೂ ಬಿಡು ಎಂದು ಹೇಳಿರಲಿಲ್ಲ. ಒಂದು ದಿನ ಹೋಗಲಿಲ್ಲ, ಯಾರೂ ಕೇಳಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೆ. ಹುಲಿಗಿ ಓದಿದಳು, ಓಡಿದಳು, ಸೇನೆಯ ಪೊಲೀಸು ಪಡೆಗೆ ಆಯ್ಕೆಯಾದಳು. ಆದರೆ ಇವತ್ತು ಬಟ್ಟೆಯ ಮೇಲಿದ್ದದ್ದು ನೂರಸಾಬನ ಚೀಲದ ಕೂದಲಲ್ಲ. ನೇತ್ರಾವತಿಯ ಸ್ವಂತದ್ದು. ಓಣಿಯ ಹೆಂಗಸರು ಬಾಚಿದ ಕೂದಲನ್ನು ಸುತ್ತಿ ಗೋಡೆಯ ಸಂದಿನಲ್ಲಿ ತುರುಕಿಟ್ಟು, ಕೂದಲಿನವನು ಬಂದಾಗ ಸ್ಟೀಲಿನ ಬಟ್ಟಲೋ ಹೇರ್‌ಪಿನ್ನೋ ಇಸಿದುಕೊಳ್ಳುತ್ತಾರೆ. ನೇತ್ರಾವತಿ ಕೊಟ್ಟಿರಲಿಲ್ಲ. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿಸಿಡುತ್ತಲೇ ಬಂದಿದ್ದಳು. ಯಾಕೆಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಸೊಂಟ ದಾಟಿ ಇಳಿಯುವ ಕೂದಲು ಅವಳದು. ಓಣಿಯಲ್ಲಿ ಯಾರಾದರೂ ಅವಳ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರೆ ಅದು ಕೂದಲಿನ ಬಗ್ಗೆಯೇ ಇರುತ್ತಿತ್ತು. ಹುಲಿಗಿಯ ಕೂದಲನ್ನು ತರಬೇತಿಯಲ್ಲಿ ಗಂಡುಹುಡುಗರ ಹಾಗೆ ಕತ್ತರಿಸಿದ್ದರು. ಆ ಫೋಟೊ ಮೊದಲ ಸಲ ಫೋನಿನಲ್ಲಿ ಬಂದಾಗ ಅವ್ವ ಗಾಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ನೇತ್ರಾವತಿ ನೀರು ತರುತ್ತೇನೆಂದು ಕೊಡ ಹಿಡಿದು ಹೊರಗೆ ಹೋಗಿದ್ದಳು. ನಳದ ಹತ್ತಿರ ತನ್ನ ಜಡೆಯನ್ನು ಮುಂದಕ್ಕೆ ತಂದು ಎದೆಯ ಮೇಲೆ ಬಿಟ್ಟುಕೊಂಡಿದ್ದಳು. ಆ ಹೊತ್ತಿನ ಸಂತೋಷ ನೆನಪಾದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಈಗ ಹುಲಿಗಿಯ ಕೂದಲು ಕತ್ತಿನವರೆಗೆ ಬೆಳೆದಿತ್ತು. ಎಳೆದು ಕಟ್ಟಿದರೆ ಒಂದು ಸಣ್ಣ ಜುಟ್ಟು. ಭಾನುವಾರ ಗಂಗಾವತಿಯ ಕಲ್ಯಾಣಮಂಟಪದಲ್ಲಿ ನಡೆಯುವ ಸೌಂದರ್ಯ ಸ್ಪರ್ಧೆಗೆ ಅವಳು ಹೆಸರು ಕೊಟ್ಟಿದ್ದಳು. ಮೇಲಿನವರನ್ನು ಕೇಳಿ ಅನುಮತಿ ಪಡೆದೇ ಬಂದಿದ್ದಳು. ಒಂದೇ ಷರತ್ತು, ಯೂನಿಫಾರಂ ಹಾಕಿಕೊಂಡು ವೇದಿಕೆ ಹತ್ತಬಾರದು. "ಯಕ್ಕಾ, ಯೂನಿಫಾರಂ ಇಲ್ಲಂದ್ರ ನಾನು ಏನೂ ಅಲ್ಲ ನೋಡ. ಬರೇ ಒಂದು ಗಿಡ್ಡಗೂದಲಿನ ಹುಡುಗಿ," ಎಂದು ನಿನ್ನೆ ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿ, "ನಿನ್ನ ಕೂದಲದಾಗ ನನಗೊಂದು ಚೌರಿ ಕಟ್ಟಿ ಕೊಡತಿಯೇನ? ಒಂದ ದಿವಸ. ಆ ಮಂದಿ ಮುಂದ ಒಂದ ಸಲ ಹೆಣ್ಣಾಗಿ ನಿಲ್ಲಬೇಕು ಅನಸೇತಿ," ಎಂದು ಕೇಳಿದ್ದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ, ನೇತ್ರಾವತಿ ಬಾಯಿ ತೆರೆಯುವ ಮೊದಲೇ, "ಕೊಡ್ತಾಳ ತಗೋ. ಡಬ್ಬಿಯೊಳಗ ಇಟ್ಟು ಆಕಿ ಏನು ಮಾಡಾಕಿ ಅದಾಳ," ಎಂದಿದ್ದಳು.

ಏನು ಮಾಡಾಕಿ ಅದಾಳ. ನಿಜವೇ. ನೇತ್ರಾವತಿ ಇನ್ನೊಂದು ಎಳೆ ಹೊಸೆದಳು. ಹೋದ ತಿಂಗಳು ಇರಕಲ್ಲಗಡದಿಂದ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಚಹಾದ ತಟ್ಟೆ ಹಿಡಿದು ಅವಳು ಒಳಗಿನಿಂದ ಬಂದಾಗ ಗಂಡು, ಗಂಡಿನ ಅಕ್ಕ, ಗಂಡಿನ ಸೋದರಮಾವ ಮೂವರೂ ಬಾಗಿಲಿಗೆ ಬೆನ್ನು ಮಾಡಿ ಗೋಡೆಯ ಮೇಲಿದ್ದ ಹುಲಿಗಿಯ ಫೋಟೊ ನೋಡುತ್ತಾ ನಿಂತಿದ್ದರು. ಟೋಪಿ, ಪಟ್ಟಿ, ಮಿಂಚುವ ಬೂಟು. "ಖರೇನ ಇಕಿ ನಿಮ್ಮ ಮಗಳೇನ್ರಿ?" ಎಂದು ಸೋದರಮಾವ ಅಪ್ಪನನ್ನು ಕೇಳುತ್ತಿದ್ದ. ಗಂಡು ಫೋಟೊದ ಪಕ್ಕದಲ್ಲಿ ನಿಂತು ಫೋನೆತ್ತಿ ತನ್ನ ಮುಖವನ್ನೂ ಸೇರಿಸಿ ತೆಗೆದುಕೊಂಡ. ಚಹಾ ಆರುವವರೆಗೂ ನೇತ್ರಾವತಿ ತಟ್ಟೆ ಹಿಡಿದೇ ನಿಂತಿದ್ದಳು. ಹೋಗುವಾಗ ಗಂಡಿನ ಅಕ್ಕ ಅವಳ ಗಲ್ಲ ಸವರಿ, "ನಿನ್ನ ತಂಗಿ ಬಂದಾಗ ಫೋನ್ ಹಚ್ಚು ಹಾಂ," ಎಂದಿದ್ದಳು. ಆಮೇಲೆ ಅವರ ಕಡೆಯಿಂದ ಸುದ್ದಿ ಬರಲಿಲ್ಲ. ಅದು ಹುಲಿಗಿಗೆ ಗೊತ್ತಿರಲಿಲ್ಲ. ಹೇಳಿದರೆ ಅವಳು ಸಿಟ್ಟಾಗುತ್ತಾಳೆ, ಅಕ್ಕನ ಪರವಾಗಿ ಆ ಮಂದಿಯನ್ನು ಬಯ್ಯುತ್ತಾಳೆ. ಅವಳು ತನ್ನ ಪರ ಮಾತಾಡುವುದನ್ನು ನೇತ್ರಾವತಿ ಸಹಿಸಲಾರಳು. ಹೆಸರಿನ ವಿಷಯವೂ ಹಾಗೇ. ಮೊದಲು ಹುಟ್ಟಿದವಳೆಂದು ನೇತ್ರಾವತಿಗೆ ಚಂದದ ಹೆಸರು ಹುಡುಕಿ ಇಟ್ಟಿದ್ದರಂತೆ. ಎರಡನೆಯದೂ ಹೆಣ್ಣಾಯಿತೆಂದು ತಂಗಿಗೆ ಹುಲಿಗೆಮ್ಮ ದೇವಿಯ ಹೆಸರನ್ನು ಹಾಗೇ ಇಟ್ಟು ಕೈತೊಳೆದುಕೊಂಡಿದ್ದರು. ಆ ಹೆಸರನ್ನೇ ಈಗ ಎಲ್ಲರೂ ಚಪ್ಪಾಳೆ ತಟ್ಟಿ ಕೂಗುತ್ತಾರೆ.

"ಏನವಾ ಮಿಲ್ಟ್ರಿ, ಗಂಗಾವತಿಗೆ ರಾಣಿ ಆಗಾಕ ಹೊಂಟಿಯಂತ?" ಪಕ್ಕದ ಮನೆಯ ಯಮನೂರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳೂ ಕೂದಲು ಬಿಡಿಸುವವಳೇ.

"ರಾಣಿ ಆದ್ರ ನಿನ್ನ ಮಂತ್ರಿ ಮಾಡ್ತೀನಿ ಬಾ, ಯಮನೂರಕ್ಕ," ಎಂದಳು ಹುಲಿಗಿ, ಬೂಟಿನಿಂದ ಕಣ್ಣೆತ್ತದೆ.

"ಬಂದೂಕ ಹಿಡಿಯೋ ಕೈ ಅದು. ಬಳಿ ತೊಡಸಾಕ ಬಳಿಗಾರ ಅಂಜತಾನ." ಯಮನೂರಮ್ಮ ಒಳಗೆ ಬಂದು ಬಟ್ಟೆಯ ಮೇಲಿನ ಕೂದಲಿನ ಸಾಲನ್ನು ನೋಡಿ, "ಅಬಾ, ನೇತ್ರಾ, ರೇಷ್ಮಿ ಹಾಸಿದಂಗ ಐತಲ್ಲ. ನಿನ್ನ ಕೂದಲ ತಂಗಿ ಹಾಕ್ಕೊಂಡ್ಲಂದ್ರ ಗೆದ್ದಂಗ ತಗೋ. ಗೆದ್ದವರದು ಹೆಸರು, ಉದುರಿದವರದು ಕೂದಲ," ಎಂದು ಕಿಸಕ್ಕನೆ ನಕ್ಕಳು.

ಹುಲಿಗಿಯೂ ನಕ್ಕಳು. ನೇತ್ರಾವತಿ ನಗಲು ಹೋದಳು, ಬರಲಿಲ್ಲ. ಯಮನೂರಮ್ಮ ಹೋದ ಮೇಲೆ ಹುಲಿಗಿ ಬೂಟುಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಸ್ನಾನಕ್ಕೆ ಹೋದಳು. ಬಚ್ಚಲಿನಿಂದ ಯಾವುದೋ ಹಿಂದಿ ಹಾಡು ಕೇಳಿಸತೊಡಗಿತು. ನೇತ್ರಾವತಿಯ ಕೈಯಲ್ಲಿ ಒಂದು ಹಿಡಿ ಕೂದಲಿತ್ತು, ಬೇರುಗಳನ್ನೆಲ್ಲ ಒಂದೇ ಕಡೆ ಮಾಡಿ ಸಿದ್ಧಪಡಿಸಿದ್ದು. ಅದನ್ನು ಅವಳು ತಿರುಗಿಸಿದಳು. ಬೇರು ಇರಬೇಕಾದಲ್ಲಿ ತುದಿ ಬಂತು. ಚೌರಿಯ ನಡುವೆ ಅದನ್ನು ಸೇರಿಸಿ, ಮೇಲೊಂದು ಕೆಳಗೊಂದು ಸರಿಯಾದ ಪದರ ಹೊದಿಸಿ, ಕರಿ ದಾರ ಬಿಗಿದು ಕಟ್ಟಿದಳು. ಬೇರು ತುದಿ ಬೆರೆತರೆ ಕೂದಲು ಮೀನಿನ ಹುರುಪೆಯ ಹಾಗೆ ಒಂದನ್ನೊಂದು ಕಚ್ಚುತ್ತದೆಂದು ಈ ಓಣಿಯ ಮಕ್ಕಳಿಗೂ ಗೊತ್ತು. ಮೊದಲು ಏನೂ ಕಾಣುವುದಿಲ್ಲ. ಬೆವರು ತಾಗಿ, ಗಾಳಿಗೆ ಆಡಿ, ನೋಡನೋಡುತ್ತ ಗಂಟಾಗುತ್ತದೆ. ಕೈ ತಪ್ಪಿತು ಎಂದು ಹೇಳಿಕೊಳ್ಳಲು ನೋಡಿದಳು. ಕೈ ತಪ್ಪಿರಲಿಲ್ಲ. ಚೌರಿಯನ್ನು ಎತ್ತಿ ಹಿಡಿದಾಗ ಅದು ಕಿಟಕಿಯ ಬೆಳಕಿಗೆ ಮಿರಿಮಿರಿ ಮಿಂಚಿತು. ಅಷ್ಟು ಚಂದದ ಚೌರಿಯನ್ನು ಅವಳು ಹಿಂದೆಂದೂ ಕಟ್ಟಿರಲಿಲ್ಲ. ಬಿಚ್ಚಿ ಸರಿಮಾಡಲು ಇನ್ನೂ ಹೊತ್ತಿದೆ, ನಾಳೆ ಇದೆ, ಎಂದುಕೊಂಡು ಅದನ್ನು ಕಾಗದದಲ್ಲಿ ಸುತ್ತಿದಳು.

ಮರುದಿನ ಅಕ್ಕತಂಗಿಯರು ಯಲಬುರ್ಗಾಕ್ಕೆ ಹೋದರು. ಸ್ಪರ್ಧೆಯಲ್ಲಿ ಸೇವೆಯ ಸುತ್ತು ಎಂದೊಂದಿತ್ತು; ಪ್ರತಿಯೊಬ್ಬಳೂ ಊರಿಗೆ ಏನಾದರೂ ಮಾಡಿ ವಿಡಿಯೊ ಕಳಿಸಬೇಕು. ಆದರೆ ಹುಲಿಗಿ ತನ್ನ ಕೆಲಸವನ್ನು ಸ್ಪರ್ಧೆಗಾಗಿ ಶುರು ಮಾಡಿದ್ದಲ್ಲ. ಪ್ರತಿ ರಜೆಯಲ್ಲೂ ಅವಳು ಯಲಬುರ್ಗಾ, ಕುಷ್ಟಗಿ ಕಡೆಯ ಹುಡುಗಿಯರನ್ನು ಮೈದಾನದಲ್ಲಿ ಸೇರಿಸಿ ಸೇನಾ ಭರ್ತಿಯ ಓಟ ಕಲಿಸುತ್ತಿದ್ದಳು. ಇದು ನೇತ್ರಾವತಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಇನ್ನೂ ಕಷ್ಟವಾಗಿತ್ತು. ತೋರಿಕೆಗೆ ಮಾಡುವವಳಾಗಿದ್ದರೆ ಮನಸ್ಸಿನಲ್ಲೇ ಎರಡು ಮಾತು ಬಯ್ದು ಹಗುರಾಗಬಹುದಿತ್ತು. ನೇತ್ರಾವತಿ ನೀರಿನ ಕ್ಯಾನು ಹೊತ್ತು ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ ಕೂತಳು. ಚೂಡಿದಾರದ ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡ ಹುಡುಗಿಯರು, ಬರಿಗಾಲಿನವರು, ವೇಲನ್ನು ಸೊಂಟಕ್ಕೆ ಬಿಗಿದವರು ಕೆಂಪು ಧೂಳೆಬ್ಬಿಸಿ ಓಡುತ್ತಿದ್ದರು. ಹುಲಿಗಿ ಅವರ ಪಕ್ಕದಲ್ಲೇ ಓಡುತ್ತಾ, "ಬಾಯಿ ಮುಚ್ಚರಿ, ಮೂಗಿಲೆ ಉಸಿರು ತಗೋರಿ! ಏ ಕೆಂಪು ವೇಲು, ಮದವಿ ಮೆರವಣಿಗಿ ಹೊಂಟಿಯೇನ, ಕೈ ಬೀಸ!" ಎಂದು ಕೂಗುತ್ತಿದ್ದಳು. ಆ ಕೂಗು ನೇತ್ರಾವತಿಯ ಕಾಲಿನೊಳಗೆ ಎಲ್ಲೋ ಹೋಗಿ ತಾಗುತ್ತಿತ್ತು. ಅವಳ ಹೆಬ್ಬೆರಳು ಚಪ್ಪಲಿಯೊಳಗೆ ತಾನೇ ನೆಲವನ್ನು ಒತ್ತುತ್ತಿತ್ತು. ಎಂಟನೇ ಇಯತ್ತೆಯಲ್ಲಿ ಅವಳೂ ಓಡುತ್ತಿದ್ದಳು. ಹುಲಿಗಿಗಿಂತ ಮುಂದೆ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ, ಹುಲಿಗಿಯೊಬ್ಬಳನ್ನು ಬಿಟ್ಟು.

ಓಟ ಮುಗಿಸಿದ ಹುಡುಗಿಯರು ನೀರಿಗೆ ಮುತ್ತಿಕೊಂಡರು. ನೇತ್ರಾವತಿ ಲೋಟ ತುಂಬಿ ತುಂಬಿ ಕೊಟ್ಟಳು. ಕೆಂಪು ವೇಲಿನ ಹುಡುಗಿ ಎರಡು ಲೋಟ ಗಟಗಟನೆ ಕುಡಿದು, ಬಾಯೊರೆಸಿಕೊಂಡು, ಹುಲಿಗಿಯ ಕಡೆ ತಿರುಗಿ, "ಮೇಡಂ, ಇವರು ನಿಮ್ಮ ಸಣ್ಣವ್ವ ಏನ್ರಿ? ಮುಖ ನಿಮ್ಮಂಗ ಐತಿ," ಎಂದಳು.

"ಏ, ನಮ್ಮಕ್ಕಲೇ ಆಕಿ!" ಹುಲಿಗಿ ಹುಡುಗಿಯ ತಲೆಗೆ ಮೆಲ್ಲಗೆ ಹೊಡೆದಳು. "ನನಗಿಂತ ಎರಡ ವರ್ಷ ದೊಡ್ಡಾಕಿ ಅಷ್ಟ."

"ಹೌದೇನ್ರಿ? ತಪ್ಪಾತ್ರಿ ಅಕ್ಕಾರ," ಎಂದಳು ಹುಡುಗಿ. ಉಳಿದವರು ಬಾಯಿಗೆ ಕೈ ಇಟ್ಟುಕೊಂಡರು. ನೇತ್ರಾವತಿ ಏನೂ ಆಗದವಳ ಹಾಗೆ ಇನ್ನೊಂದು ಲೋಟ ತುಂಬಿದಳು. ಲೋಟ ತುಂಬಿ ನೀರು ಮಣಿಕಟ್ಟಿನ ಮೇಲೆ ಹರಿಯಿತು. ಹುಲಿಗಿ ಬಂದು ಅವಳ ಪಕ್ಕದಲ್ಲೇ, ಮಣ್ಣಿನ ಮೇಲೆ, ಕೂತಳು. ಅವಳಿಂದ ಬೆವರಿನ, ಬಿಸಿಲಿನ ವಾಸನೆ ಬರುತ್ತಿತ್ತು. "ಯಕ್ಕಾ, ಆ ಹುಡುಗಿ ಮಾತು ಮನಸಿಗೆ ಹಚ್ಕೋಬ್ಯಾಡ," ಎಂದಳು. ಆ ಮಾತು ಆಡದೆ ಇದ್ದಿದ್ದರೆ ನೇತ್ರಾವತಿ ಬಹುಶಃ ಹೇಳಿಬಿಡುತ್ತಿದ್ದಳು. ಹುಲಿಗಿ, ಆ ಚೌರಿ ಒಂದ ಸಲ ಬಿಚ್ಚಿ ಕಟ್ಟಬೇಕು, ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಿಚ್ಚಿ ಕಟ್ಟಲು ಒಂದು ಮಧ್ಯಾಹ್ನ ಸಾಕು. ಯಾಕೆಂದು ಕೂಡ ಹೇಳಬೇಕಿರಲಿಲ್ಲ. ಅವಳು ಕ್ಯಾನಿನ ಮುಚ್ಚಳ ಬಿಗಿಮಾಡಿ, "ಹಚ್ಕೊಳ್ಳಾಕ ಏನೈತಿ," ಎಂದಳು. ಆ ಮಧ್ಯಾಹ್ನ ಮನೆಗೆ ಬಂದು, ನೂರಸಾಬ ಬೆಳಿಗ್ಗೆ ಹಾಕಿಹೋದ ಹೊಸ ಚೀಲ ಬಿಚ್ಚಿ ಅವರಿವರ ಸಿಕ್ಕು ಬಿಡಿಸುತ್ತಾ ಕೂತಳು. ಚೌರಿ ಸುತ್ತಿದ ಕಾಗದದ ಸುರುಳಿ ಗೋಡೆಯ ಗೂಡಿನಲ್ಲಿ ಇತ್ತು. ಕೈಗೆಟುಕುವಷ್ಟೇ ಎತ್ತರ.

ಭಾನುವಾರ ಗಂಗಾವತಿಯ ಬಸ್ಸಿನಲ್ಲಿ ಹುಲಿಗಿ ಕಿಟಕಿಯ ಪಕ್ಕ, ಅವ್ವ ನಡುವೆ, ನೇತ್ರಾವತಿ ಈಚೆ. ಕಾಲುವೆಯ ನೀರು ಬಂದ ಗದ್ದೆಗಳು ಶುರುವಾಗುತ್ತಲೇ ಅವ್ವ ಪ್ರತಿ ಸಲದಂತೆ, "ಹಸರ ನೋಡವಾ," ಎಂದಳು. ಅವ್ವನ ಮಡಿಲಲ್ಲಿ ಅವಳ ತಂಗಿ, ಕುಷ್ಟಗಿಯ ಸಣ್ಣವ್ವ, ಹುಲಿಗಿಗೆ ಉಡಲು ಕೊಟ್ಟ ಇಳಕಲ್ ಸೀರೆಯ ಚೀಲ, ಅದರ ಮೇಲೆ ಕಾಗದದ ಸುರುಳಿ. ತಂಗಿಯ ಬೆನ್ನ ಮೇಲೆ ತನ್ನ ಕೂದಲು ವೇದಿಕೆ ಹತ್ತುತ್ತದೆ, ತಾನು ಹತ್ತುವುದಿಲ್ಲ. ಗಂಟಾದರೆ ಅವಮಾನ ಯಾರದು? ಅವಳದೋ ಕೂದಲಿನದೋ? ಗಂಟಾಗದೆಯೂ ಇರಬಹುದು. ತಿರುಗಿಸಿದ್ದು ಒಂದೇ ಹಿಡಿ. ಹಾಗೆ ಎಂದುಕೊಂಡಾಗ ಸಮಾಧಾನದ ಜೊತೆ ಸಣ್ಣದೊಂದು ನಿರಾಸೆಯೂ ಆಯಿತು. ಆ ನಿರಾಸೆಯನ್ನು ಕಂಡು ಅವಳು ಕಂಡಕ್ಟರನ ಕಡೆ ಮುಖ ತಿರುಗಿಸಿದಳು.

ಕಲ್ಯಾಣಮಂಟಪದಲ್ಲಿ ಮದುವೆಯ ಹೆಣ್ಣು ಕೂರುವ ಕೋಣೆಯನ್ನೇ ಸ್ಪರ್ಧಿಗಳ ಅಲಂಕಾರಕ್ಕೆ ಕೊಟ್ಟಿದ್ದರು. ಪೌಡರು, ಮಲ್ಲಿಗೆ, ಸುಟ್ಟ ಕೂದಲಿನ ವಾಸನೆ. ಸ್ಪರ್ಧೆ ನಡೆಸುವ ಗೀತಾ ಮೇಡಂ, ಊರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟವರು, ಒಬ್ಬೊಬ್ಬರನ್ನೇ ನೋಡುತ್ತಾ ಬಂದು ಹುಲಿಗಿಯ ಹಿಂದೆ ನಿಂತರು. ನೇತ್ರಾವತಿ ಆಗಷ್ಟೇ ಜುಟ್ಟಿಗೆ ಚೌರಿ ಸೇರಿಸಿ ಜಡೆ ಹೆಣೆಯಲು ಶುರು ಮಾಡಿದ್ದಳು. ಹೆಣೆದು ಬಿಗಿದರೆ ಗಂಟಾದರೂ ಒಳಗೇ ಉಳಿಯುತ್ತಿತ್ತು.

"ಜಡಿ ಬ್ಯಾಡಮ್ಮ, ಬಿಚ್ಚು. ಇಂಥಾ ಕೂದಲ ಯಾರರ ಕಟ್ತಾರೇನು? ಸ್ಟೇಜಿನ ಮ್ಯಾಲ ಎರಡ ಕಡೆ ಫ್ಯಾನ್ ಇಡಿಸೀನಿ, ಹಾರಲಿ." ಗೀತಾ ಮೇಡಂ ನೇತ್ರಾವತಿಯ ಭುಜ ಮುಟ್ಟಿ, "ನೀನು ಪಾರ್ಲರಿನಾಕಿ ಏನು? ಯಾವ ಪಾರ್ಲರ್?" ಎಂದರು.

"ನಮ್ಮಕ್ಕ ರೀ," ಎಂದಳು ಹುಲಿಗಿ.

"ಓ," ಎಂದು ಅವರು ಮುಂದೆ ಹೋದರು.

ನೇತ್ರಾವತಿ ಹೆಣೆದಷ್ಟನ್ನು ಬಿಚ್ಚಿದಳು. ಕೂದಲು ಸೀರೆಯ ಮೇಲೆ ಸೊಂಟದವರೆಗೆ ಇಳಿಯಿತು. ಕನ್ನಡಿಯಲ್ಲಿ ಹುಲಿಗಿ ಯಾರೋ ಬೇರೆಯವಳಾಗಿ ಕಂಡಳು. ಹಿಂದೆ ನಿಂತ ತಾನು ತನ್ನ ಹಾಗೇ ಕಂಡಳು. ಕೋಣೆ ಬೆಂಕಿಯ ಹಾಗೆ ಸೆಕೆಯಾಗಿತ್ತು. ಹುಲಿಗಿ ಕೂದಲನ್ನು ಮುಂದಕ್ಕೆ ತಂದುಕೊಂಡು ಬೆರಳಾಡಿಸಿದಳು. ಬೆರಳು ಒಂದು ಕಡೆ ತಡೆಯಿತು. ಇನ್ನೊಮ್ಮೆ ಆಡಿಸಿದಳು, ಮತ್ತೆ ತಡೆಯಿತು. ಆಗ ಅವಳು ಚೌರಿಯ ಒಳಪದರದಿಂದ ಒಂದು ಎಳೆಯನ್ನು ಬಿಡಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮೆಲ್ಲಗೆ ಹೊಸೆದಳು. ಎಳೆ ಮೇಲಕ್ಕೆ ಸರಿಯುವ ಬದಲು ಕೆಳಗಡೆಗೆ ಸರಿಯಿತು. ನೇತ್ರಾವತಿಗೆ ಅದು ಕಾಣಿಸಿತು. ಹುಲಿಗಿ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದಳು. ಏನಾದರೂ ಕೇಳುತ್ತಾಳೆ, ಕೇಳಿದರೆ ಗಡಿಬಿಡಿಯಲ್ಲಿ ಕೈ ತಪ್ಪಿತು ಎನ್ನಬೇಕು, ಇಲ್ಲ, ಏನೂ ಅನ್ನದೆ ಅತ್ತುಬಿಡಬೇಕು ಎಂದು ನೇತ್ರಾವತಿ ಕಾದಳು. ಹುಲಿಗಿ ಎಳೆಯನ್ನು ಕೂದಲೊಳಗೆ ಸೇರಿಸಿ, ಹಿಂದಕ್ಕೆ ಚೆಲ್ಲಿ, "ಹಣೆಗೆ ಸಣ್ಣ ಬೊಟ್ಟು ಸಾಕೋ, ದೊಡ್ಡದು ಬೇಕೋ, ಯಕ್ಕಾ?" ಎಂದಳು. "ಸಣ್ಣದು," ಎಂದಳು ನೇತ್ರಾವತಿ.

ಸಭೆ ತುಂಬಿತ್ತು. ಅವ್ವ ಹಿಂದಿನ ಸಾಲಿನಲ್ಲಿ ನೇತ್ರಾವತಿಗೂ ಒಂದು ಕುರ್ಚಿ ಹಿಡಿದಿಟ್ಟಿದ್ದಳು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ನಡೆದು ಹೋದರು. ಹುಲಿಗೆಮ್ಮ ಎಂದು ಕೂಗಿದಾಗ ಶಿಳ್ಳೆ ಬಿದ್ದವು. ಮಿಲ್ಟ್ರಿ, ಮಿಲ್ಟ್ರಿ ಎಂದು ಯಾರೋ ಕಿರುಚಿದರು. ಅವಳು ಬಂದಳು. ಎರಡೂ ಕಡೆಯ ಫ್ಯಾನು ಕೂದಲನ್ನು ಎತ್ತಿದವು. ಒಂದು ಗಳಿಗೆ, ಒಂದೇ ಗಳಿಗೆ, ಅದು ಹಾರಿದ ರೀತಿಗೆ ನೇತ್ರಾವತಿಯ ಎದೆ ಉಬ್ಬಿತು. ನನ್ನದು, ಎಂದುಕೊಂಡಳು. ಆಮೇಲೆ ಕೂದಲು ಇಳಿಯಲಿಲ್ಲ. ನಡುವೆ ಒಂದು ಕಡೆ ಕಚ್ಚಿಕೊಂಡು, ಗಾಳಿ ಬಡಿದಷ್ಟೂ ಸುತ್ತಿಕೊಂಡು, ಹುಲಿಗಿ ತಿರುಗಿ ಬೆನ್ನು ತೋರಿಸುವ ಹೊತ್ತಿಗೆ ಹಕ್ಕಿಗೂಡಿನಂಥ ಗಂಟು ಬೆನ್ನ ನಡುವೆ ಕೂತಿತ್ತು. ಮೊದಲು ಮುಂದಿನ ಸಾಲಿನಲ್ಲಿ ಒಂದು ನಗು, ಆಮೇಲೆ ಹಿಂದೆ ಹಿಂದೆ ಹರಡುತ್ತಾ ಬಂತು. "ಯವ್ವಾ, ಏನಾತ ಅದು?" ಎಂದು ಅವ್ವ ನೇತ್ರಾವತಿಯ ತೊಡೆ ಹಿಡಿದಳು. ಗೊತ್ತಿದ್ದೂ ಹುಲಿಗಿ ಯಾಕೆ ಹಾಕಿಕೊಂಡು ಹೋದಳು? ಕಿತ್ತೆಸೆದು ತನ್ನ ಗಿಡ್ಡಗೂದಲಲ್ಲೇ ಹೋಗಬಹುದಿತ್ತು. ನಾಲ್ಕು ಜನರ ಮುಂದೆ ಅಕ್ಕನ ಕೆನ್ನೆಗೆ ಹೊಡೆಯಬಹುದಿತ್ತು.

ಹುಲಿಗಿ ನಡುವೇದಿಕೆಯಲ್ಲಿ ನಿಂತಳು. ಕೈ ಹಿಂದೆ ಮಾಡಿ ಕರಿ ದಾರ ಎಳೆದಳು. ಚೌರಿ ಕೈಗೆ ಬಂತು. ಸಣ್ಣ ಜುಟ್ಟು ಬಿಚ್ಚಿಕೊಂಡು ಕತ್ತಿನ ಮೇಲೆ ಚೆದುರಿತು. ನಗು ಇನ್ನೂ ಜೋರಾಯಿತು. ಗೀತಾ ಮೇಡಂ ಮೈಕು ಹಿಡಿದು ಓಡಿ ಬಂದು, ಹೇಗೋ ಸಂಭಾಳಿಸಲು ನಗುತ್ತಾ, "ಇದೇನು ಹುಲಿಗೆಮ್ಮ, ಶತ್ರುಗಳ ಕೈವಾಡ ಏನು?" ಎಂದರು.

ಹುಲಿಗಿ ಮೈಕು ತೆಗೆದುಕೊಂಡಳು. ಅವಳ ಬೆನ್ನು ನೆಟ್ಟಗೇ ಇತ್ತು, ಇನ್ನೊಂದು ಕೈಯಲ್ಲಿ ಚೌರಿ ಇತ್ತು.

"ಇಲ್ರಿ. ಇದು ನಮ್ಮಕ್ಕನ ಕೂದಲ್ರಿ," ಎಂದಳು. "ಆಕಿನ ಕಟ್ಟಿ ಕೊಟ್ಟಾಳ. ಸಣ್ಣಾಕಿದ್ದಾಗ ಓಟದಾಗ ನಾನು ಯಾವತ್ತೂ ಆಕಿನ ದಾಟಿಲ್ರಿ. ಆಕಿ ಇಲ್ಲೇ ಕುಂತಾಳ. ನೀವೆಲ್ಲಾರೂ ಒಂದ ಸಲ ಆಕಿನ ನೋಡಬೇಕ್ರಿ."

ನಗು ನಿಂತಿತು. ಕುರ್ಚಿಗಳು ಕಿರ್ರೆಂದವು, ತಲೆಗಳು ಹಿಂದಕ್ಕೆ ತಿರುಗಿ ಸಾಲುಸಾಲು ಹುಡುಕತೊಡಗಿದವು. ಪಕ್ಕದ ಹೆಂಗಸೊಬ್ಬಳು ನೇತ್ರಾವತಿಯನ್ನು ದಾಟಿ ಆಚೆಯವಳ ಮುಖ ನೋಡಿದಳು. ಅವ್ವ ಮೊಣಕೈಯಿಂದ ತಿವಿದಳು. ತಂಗಿ ತನ್ನನ್ನು ಎತ್ತುತ್ತಿದ್ದಾಳೋ, ಹಿಡಿದು ತೋರಿಸುತ್ತಿದ್ದಾಳೋ, ನೇತ್ರಾವತಿಗೆ ತಿಳಿಯಲಿಲ್ಲ. ಅವಳು ಮುಂದಿನ ಕುರ್ಚಿಯ ಬೆನ್ನಿನ ಹಿಂದೆ ತಲೆ ಇನ್ನಷ್ಟು ತಗ್ಗಿಸಿದಳು.

ಮೈಕಿನಲ್ಲಿ ಒಂದು ಉಸಿರು ಕೇಳಿಸಿತು.

"ಯಕ್ಕಾ," ಎಂದಳು ಹುಲಿಗಿ, "ಒಂಚೂರು ಎದ್ದು ನಿಲ್ಲು."